ಹೊಣೆ ಯಾರದು?

1964ನೆಯ ಇಸವಿ ಆಗಸ್ಟ್ 4ರ ರಾತ್ರಿ. ವಿಯಟ್ನಾಮಿನ ಕರಾವಳಿಗೆ ಹೊಂದಿಕೊಂಡಿರುವ ಟಾಂಕಿನ್ ಕೊಲ್ಲಿಯಲ್ಲಿ ಹವೆ ಕೆಟ್ಟಿತ್ತು. ಕಾರ್ಗತ್ತಲಿನಲ್ಲಿ ಅಮೆರಿಕದ ಎರಡು ಯುದ್ಧನೌಕೆಗಳು, ಮ್ಯಾಡಕ್ಸ್ ಮತ್ತು ಟರ್ನರ್ ಜಾಯ್, ಸಂಚರಿಸುತ್ತಿದ್ದವು. ಎರಡು ದಿನಗಳ ಹಿಂದೆ ಉತ್ತರ ವಿಯಟ್ನಾಮಿನ ಮೂರು ಟಾರ್ಪಿಡೊ ದೋಣಿಗಳು ಮ್ಯಾಡಕ್ಸಿನ ಮೇಲೆ ನಿಜವಾಗಿಯೂ ಎರಗಿದ್ದವು. ಆದುದರಿಂದ ನಾವಿಕರ ಮನಸ್ಸು ಮೊದಲೇ ಕಳವಳಗೊಂಡಿತ್ತು. ರೇಡಾರಿನ ತೆರೆಯ ಮೇಲೆ ಚುಕ್ಕೆಗಳು ಮೂಡಿದವು. ನೀರಿನೊಳಗಿನ ಸದ್ದನ್ನು ಆಲಿಸುವ ಯಂತ್ರವು ಟಾರ್ಪಿಡೊಗಳು ಬರುತ್ತಿವೆಯೆಂದು ಸೂಚಿಸಿತು. ನೌಕೆಗಳು ಕತ್ತಲೆಗೇ ಗುರಿಯಿಟ್ಟು ಬಹಳ ಹೊತ್ತು ಗುಂಡಿನ ಮಳೆಗರೆದವು.

ಆದರೆ ನೌಕೆಗಳ ನಾಯಕರಾಗಿದ್ದ ಜಾನ್ ಹೆರಿಕ್ ಅವರಿಗೆ ಸಂಶಯ ಹುಟ್ಟಿತು. ಕೆಟ್ಟ ಹವೆಯಿಂದಲೂ ಯಂತ್ರದ ಮುಂದೆ ಕುಳಿತವನ ಅತ್ಯುತ್ಸಾಹದಿಂದಲೂ ಅನೇಕ ಸೂಚನೆಗಳು ತಪ್ಪಾಗಿ ಬಂದಿರಬಹುದು, ಸಂಪೂರ್ಣ ಪರಿಶೀಲನೆ ನಡೆಸದೆ ಮುಂದಿನ ಹೆಜ್ಜೆ ಇಡಬಾರದು ಎಂದು ಅವರು ಮೇಲಧಿಕಾರಿಗಳಿಗೆ ಸಂದೇಶ ಕಳುಹಿಸಿದರು. ಮೇಲಿನಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಬಂದಾಗ, ಮೊದಲ ದಾಳಿಯಾದರೂ ನಿಜವೆಂದೇ ತಿಳಿಸಿದರು. ವಾಷಿಂಗ್ಟನ್ನಿಗೆ ಬೇಕಾಗಿದ್ದುದು ಈ ಎರಡನೆಯ ಮಾತು. ಅಲ್ಲಿ ರಾತ್ರಿಯಾಗುವಷ್ಟರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಉತ್ತರ ವಿಯಟ್ನಾಮಿನ ಮೇಲೆ ಪ್ರತಿದಾಳಿ ನಡೆಯುತ್ತಿದೆಯೆಂದು ಸಾರಿದರು.

ಆಗಸ್ಟ್ 7ರಂದು ಅಮೆರಿಕದ ಸಂಸತ್ತು, ಅಗತ್ಯವೆನಿಸಿದ ಎಲ್ಲ ಕ್ರಮಗಳನ್ನೂ ಕೈಗೊಳ್ಳಲು ಅಧ್ಯಕ್ಷರಿಗೆ ಅಧಿಕಾರವಿತ್ತಿತು. ಕೆಳಮನೆಯಲ್ಲಿ ನಿರ್ಣಯದ ಪರವಾಗಿ 416 ಮತಗಳು, ವಿರುದ್ಧವಾಗಿ ಒಂದೂ ಇಲ್ಲ. ಸೆನೆಟ್ಟಿನಲ್ಲಿ 88 ಮಂದಿ ಒಪ್ಪಿದರು, ಇಬ್ಬರು ಮಾತ್ರ ಒಪ್ಪಲಿಲ್ಲ. ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಯುದ್ಧ ಸಾರುವ ಅಧಿಕಾರವನ್ನು ಸಂವಿಧಾನವು ಸಂಸತ್ತಿಗೆ ಕೊಟ್ಟಿದೆ, ಅದನ್ನು ಒಬ್ಬ ವ್ಯಕ್ತಿಯ ಕೈಗೆ ಒಪ್ಪಿಸತಕ್ಕದ್ದಲ್ಲ ಎಂಬುದು ಮೋರ್ಸ್ ಅವರ ವಾದ. ಮೊದಲ ದಾಳಿಗೆ ಕೆಲವು ದಿನಗಳ ಮುಂಚೆ ದಕ್ಷಿಣ ವಿಯಟ್ನಾಮಿನ ದೋಣಿಗಳು ಉತ್ತರದ ದ್ವೀಪಗಳ ಮೇಲೆ ಗುಟ್ಟಾಗಿ ದಾಳಿಮಾಡಿದ್ದವು. ಅದರ ಹಿಂದೆ ಅಮೆರಿಕದ ಯೋಜನೆಯಿತ್ತು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್ನಮಾರ ಅವರಾದರೋ, ತಮ್ಮ ನೌಕಾಪಡೆಗೆ ಅದರ ಅರಿವೇ ಇರಲಿಲ್ಲವೆಂದು ಸೆನೆಟರುಗಳಿಗೆ ಹೇಳಿದ್ದರು. ಮುಂದೆ 1968ರಲ್ಲಿ ಮೋರ್ಸ್ ಮತ್ತು ಗ್ರೂನಿಂಗ್ ಇಬ್ಬರೂ ತಮ್ಮ ಸ್ಥಾನಗಳನ್ನು ಕಳೆದುಕೊಂಡರು.

1965ರ ಮಾರ್ಚಿಯಲ್ಲಿ ಅಮೆರಿಕದ ಕಾಳಗದ ಪಡೆಗಳು ದನಾಂಗಿನಲ್ಲಿ ಇಳಿದವು. 1969ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರು 5 ಲಕ್ಷ 40 ಸಾವಿರಕ್ಕೂ ಹೆಚ್ಚು. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದವರ ವಶವಾಯಿತು. ಅಮೆರಿಕದ 58 ಸಾವಿರಕ್ಕೂ ಮಿಕ್ಕಿ ಯೋಧರು ಮಡಿದಿದ್ದರು. ವಿಯಟ್ನಾಮೀಯರಲ್ಲಿ ಸತ್ತವರು ಸುಮಾರು 30 ಲಕ್ಷವೆಂದು ಅಲ್ಲಿನ ಸರಕಾರವು 1995ರಲ್ಲಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಆಯುಧ ಹಿಡಿಯದ ಸಾಮಾನ್ಯ ಜನ.

ಇಷ್ಟು ಸಾವುಗಳ ಹೊಣೆ ಯಾರದು? ಅಮೆರಿಕವೊಂದೇ ಎಂದರೆ ಇತಿಹಾಸ ಒಪ್ಪುವುದಿಲ್ಲ. 1954ರ ಜಿನೀವಾ ಒಪ್ಪಂದವು ವಿಯಟ್ನಾಮನ್ನು ತಾತ್ಕಾಲಿಕವಾಗಿ ಇಬ್ಭಾಗಿಸಿ, 1956ರಲ್ಲಿ ದೇಶಕ್ಕೆಲ್ಲ ಒಂದೇ ಚುನಾವಣೆ ನಡೆಯಬೇಕೆಂದು ವಿಧಿಸಿತ್ತು. ಅದರ ಮೇಲ್ವಿಚಾರಣೆಯ ಆಯೋಗಕ್ಕೆ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. ದಕ್ಷಿಣದ ನಾಯಕ ಡಿಯೆಮ್ ಚುನಾವಣೆಗೆ ಒಪ್ಪಲಿಲ್ಲ. ಅಮೆರಿಕ ಅವರ ಬೆನ್ನಿಗೆ ನಿಂತಿತು. ಉತ್ತರದ ನಾಯಕರು 1959ರಲ್ಲಿ ಶಸ್ತ್ರದ ಹಾದಿ ಹಿಡಿದರು. ಸೋವಿಯತ್ ಒಕ್ಕೂಟ ಮತ್ತು ಚೀನಾ ಅವರಿಗೆ ಆಯುಧ ಒದಗಿಸಿದವು. ಹೀಗೆ ಪಾಲುಗಾರರು ಹಲವರು. ಆದರೆ ಪಾಲುಗಾರರು ಹೆಚ್ಚಿದಂತೆ ಒಬ್ಬೊಬ್ಬರ ಪಾಲೂ ಕಡಿಮೆಯಾಗುವುದಕ್ಕೆ ಇದೇನು ಆಸ್ತಿಯ ಹಂಚಿಕೆಯಲ್ಲ. ವಿಯಟ್ನಾಮೀಯರಿಗೆ ಯುದ್ಧವು ಮನೆಯಂಗಳದಲ್ಲೇ ಇತ್ತು, ತಪ್ಪಿಸಿಕೊಳ್ಳಲು ಎಡೆಯಿರಲಿಲ್ಲ. ಸಾಗರದಾಚೆಯ ಮಹಾಶಕ್ತಿಗೆ ಬರುವ, ಬಾರದಿರುವ ಆಯ್ಕೆ ಎರಡೂ ಇದ್ದವು. ಆಯ್ಕೆಯಿದ್ದವನ ಹೊಣೆ ಭಾರವಾದುದು. ಆ ದೇಶದೊಳಗೂ ಅದು ಅಧ್ಯಕ್ಷರೊಬ್ಬರದೇ ಅಲ್ಲ. ಪ್ರಶ್ನಿಸಬೇಕಾದ ಸ್ಥಾನದಲ್ಲಿದ್ದು, ಹೆಚ್ಚು ದಿನ ಕಾಯದೆ ಕೈಯೆತ್ತಿದ ನೂರಾರು ಸದಸ್ಯರದೂ ಹೌದು. ನಿರ್ಣಯವನ್ನು ಸೆನೆಟ್ಟಿನಲ್ಲಿ ಮುಂದೆ ನಿಂತು ನಡೆಸಿಕೊಟ್ಟ ಫುಲ್‌ಬ್ರೈಟ್ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. 1971ರಲ್ಲಿ ಪೆಂಟಗನ್ನಿನ ರಹಸ್ಯ ದಾಖಲೆಗಳು ಪತ್ರಿಕೆಗಳಲ್ಲಿ ಬೆಳಕಿಗೆ ಬಂದಾಗ, ಜನರಿಗೆ ಹೇಳಿದ್ದಕ್ಕೂ ಒಳಗೆ ತಿಳಿದಿದ್ದಕ್ಕೂ ಎಷ್ಟು ಅಂತರವಿತ್ತೆಂಬುದು ಕಂಡಿತು.

1995ರ ನವೆಂಬರಿನಲ್ಲಿ, 79 ವರ್ಷದ ಮೆಕ್ನಮಾರ ಹನಾಯಿಗೆ ಹೋಗಿ, ಒಂದು ಕಾಲದ ತಮ್ಮ ಎದುರಾಳಿ ಸೇನಾಪತಿ ಗಿಯಾಪ್ ಅವರನ್ನು ಕಂಡರು. 1964ರ ಆಗಸ್ಟ್ 4ರಂದು ಕೊಲ್ಲಿಯಲ್ಲಿ ನಡೆದುದೇನೆಂದು ಕೇಳಿದರು. ಅಂದು ಏನೂ ನಡೆಯಲಿಲ್ಲವೆಂದು ಗಿಯಾಪ್ ಉತ್ತರಿಸಿದರು.