ಕ್ಯಾಮೆರಾ ಬದಲಿಸುವ ಮುಂಚೆ ಕೆಟ್ಟ ಫೋಟೋಗಳನ್ನು ಆರಿಸಿ ನೋಡಿ

ನನ್ನದು ನಂಜನಗೂಡು ತಾಲ್ಲೂಕಿನ ಮಳೆಯಾಶ್ರಿತ ಜಮೀನು. ರಾಗಿ, ಹುರುಳಿ, ಅವರೆ, ಸ್ವಲ್ಪ ಮುಸುಕಿನ ಜೋಳ. ಓದಿದ್ದು ಏಳನೇ ಕ್ಲಾಸು. ಫೋಟೋ ತೆಗೆಯುವ ಹುಚ್ಚು ಹತ್ತಿಸಿದ್ದು ಮಗ. ತಾನು ಹಳೇದು ಮಾಡಿದ ಒಂದು ಜೇಬಿನ ಕ್ಯಾಮೆರಾ ಕೊಟ್ಟ, ಆಮೇಲೆ ಮೊಬೈಲೂ ಬಂತು. ಬೆಳೆ, ಹುಳ, ಬೀಜ ಎಲ್ಲದರ ಚಿತ್ರ ತೆಗೆಯುತ್ತಾ ಬಂದೆ. ಕಳೆದ ವರ್ಷ ಒಂದು ಆಸೆ ಹುಟ್ಟಿತು: ಮದುವೆ ಮನೆಯವರ ಕೈಯಲ್ಲಿರುವಂಥ ದೊಡ್ಡ ಕ್ಯಾಮೆರಾ ನನಗೂ ಬೇಕು ಅಂತ.

ಈ ಆಸೆ ಹಲವು ರೈತ ಮಿತ್ರರಿಗೆ ಇದೆ ಅಂತ ಗೊತ್ತು. ಅದಕ್ಕೇ ನಾನು ಕೊಳ್ಳುವ ಮುಂಚೆ ಮಾಡಿದ ಲೆಕ್ಕಾಚಾರ ಇಲ್ಲಿ ಬರೆಯುತ್ತಿದ್ದೇನೆ.

ಆಸೆಗೆ ಕಾರಣವಾದ ಹುಳ

2018ರಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ಶಿವಮೊಗ್ಗದ ಕಡೆ ಮುಸುಕಿನ ಜೋಳಕ್ಕೆ ಹೊಸ ಸೈನಿಕ ಹುಳು ಬಿತ್ತು. ಅಮೆರಿಕ ಖಂಡದ ಮೂಲದ್ದು ಅದು. ಮಾರನೇ ವರ್ಷ ನನ್ನ ಹೊಲದಲ್ಲೂ ಸುಳಿಯೊಳಗೆ ಹುಳ ಕಂಡವು. ಫೋಟೋ ತೆಗೆದು ತಿಳಿದವರೊಬ್ಬರಿಗೆ ಕಳಿಸಿದೆ. ಅವರು, "ಯಜಮಾನ್ರೇ, ಇದರಲ್ಲಿ ಹಸಿರು ಗೆರೆ ಬಿಟ್ಟು ಏನೂ ಕಾಣಲ್ಲ, ಹುಳ ತಂದು ತೋರಿಸಿ" ಅಂದರು. ನಾಳೆ ಹೋದರಾಯಿತು ಅಂತ ನಾಲ್ಕು ದಿನ ತಳ್ಳಿದೆ. ಅಷ್ಟರಲ್ಲಿ ಯಾರೋ ಹೇಳಿದ ಔಷಧಿ ಹೊಡೆದೆ. ಹುಳ ಸಾಯಲಿಲ್ಲ. ಸುಳಿ ಹೋಯಿತು, ದುಡ್ಡೂ ಹೋಯಿತು.

ಆ ಹುಳದ ಗುರುತು ಎರಡೇ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗು ಮಾಡಿದಂಥ ಬಿಳಿ ಗೆರೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಇವೆರಡು ಚಿತ್ರದಲ್ಲಿ ಕಂಡಿದ್ದರೆ ಅವತ್ತೇ ಉತ್ತರ ಸಿಗುತ್ತಿತ್ತು. "ಒಳ್ಳೆ ಕ್ಯಾಮೆರಾ ಇದ್ದಿದ್ದರೆ" ಅನ್ನೋ ಮಾತು ಅವತ್ತಿನಿಂದ ತಲೆಯಲ್ಲಿ ಕೂತಿತು.

ಮೈಸೂರಿಗೆ ಹೋದೆ

ದೇವರಾಜ ಅರಸು ರಸ್ತೆಯ ಕಡೆ ಅಂಗಡಿಗಳಲ್ಲಿ ವಿಚಾರಿಸಿದೆ. ಕಣ್ಣಿಗೆ ಕಂಡದ್ದು ಐವತ್ತು ಸಾವಿರದಿಂದ ಎಪ್ಪತ್ತು ಸಾವಿರದವರೆಗಿನ ಮಾಲು. ಹುಳದ ಚಿತ್ರಕ್ಕೆ ಆಗುತ್ತಾ ಅಂತ ಕೇಳಿದ್ದಕ್ಕೆ ಅಂಗಡಿ ಹುಡುಗ, "ಅಣ್ಣಾ, ಅದಕ್ಕೆ ಮ್ಯಾಕ್ರೋ ಲೆನ್ಸ್ ಬೇರೆ ತಗೋಬೇಕು" ಅಂದ. ಅದಕ್ಕೆ ಮತ್ತೆ ಬೇರೆ ದುಡ್ಡು.

ಮನೆಗೆ ಬಂದು ಅರವತ್ತು ಸಾವಿರ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದೆ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಹನ್ನೆರಡು ಕ್ವಿಂಟಲಿಗೂ ಮೇಲೆ ರಾಗಿ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಈಗ ಇರೋದರಲ್ಲಿ ಏನು ಬರಲ್ಲ ಅಂತ ಸರಿಯಾಗಿ ಹೇಳಿ ನೋಡೋಣ." ನನಗೆ ಹೇಳಲು ಬರಲಿಲ್ಲ.

ಬೀಜ ಆರಿಸಿದ ಹಾಗೆ

ಮೊರದಲ್ಲಿ ಬೀಜ ಆರಿಸುವಾಗ ಜೊಳ್ಳು, ಹುಳುಕು, ಒಡಕು ಬೇರೆ ಬೇರೆ ಮಾಡುತ್ತೇವಲ್ಲ, ಹಾಗೆ ಮಗನನ್ನು ಕೂರಿಸಿಕೊಂಡು ನನ್ನ ಕೆಟ್ಟುಹೋದ ನೂರು ಫೋಟೋ ಆರಿಸಿದೆ. ಪ್ರತಿ ಚಿತ್ರಕ್ಕೂ ಒಂದೇ ಪ್ರಶ್ನೆ: ಇದು ಯಾಕೆ ಕೆಟ್ಟಿತು? ನಾಲ್ಕು ಗುಡ್ಡೆ ಆದವು.

ಮೊದಲ ಗುಡ್ಡೆ, ಅಲುಗಾಡಿದ್ದು. ಗಾಳಿಗೆ ಅವರೆ ಹೂವು ಅಲ್ಲಾಡಿದೆ, ಇಲ್ಲವೇ ನನ್ನ ಕೈ. ನೂರರಲ್ಲಿ ನಲವತ್ತರಷ್ಟು ಇವೇ.

ಎರಡನೆಯದು, ಹೊತ್ತಲ್ಲದ ಹೊತ್ತಿನಲ್ಲಿ ತೆಗೆದದ್ದು. ನಡುಮಧ್ಯಾಹ್ನದ ಬಿಸಿಲಿಗೆ ಎಲೆ ಬೆಳ್ಳಗೆ ಸುಟ್ಟ ಹಾಗೆ, ನೆರಳು ಕಪ್ಪು ಮಸಿ ಹಾಗೆ. ಇವು ಮೂವತ್ತರ ಹತ್ತಿರ.

ಮೂರನೆಯದು, ತೀರಾ ಹತ್ತಿರ ಹೋಗಿ ಮಬ್ಬಾದದ್ದು. ಸೈನಿಕ ಹುಳುವಿನ ಚಿತ್ರ ಈ ಗುಡ್ಡೆಯದು.

ನಾಲ್ಕನೆಯದು, ಕತ್ತಲೆಯಲ್ಲಿ ತೆಗೆದದ್ದು ಮತ್ತು ದೂರದ ಹಕ್ಕಿ. ಇವು ಹದಿನೈದೂ ಇರಲಿಲ್ಲ.

ಮೊದಲ ಎರಡು ಗುಡ್ಡೆಗೆ ಕ್ಯಾಮೆರಾ ಹೊಣೆಯಲ್ಲ. ಲಕ್ಷ ರೂಪಾಯಿಯದು ತಂದರೂ ಮಧ್ಯಾಹ್ನ ಹನ್ನೆರಡರ ಬಿಸಿಲು ಬೆಳಗ್ಗೆ ಏಳರ ಬಿಸಿಲಾಗುವುದಿಲ್ಲ. ಮೂರನೆಯದಕ್ಕೆ ಉಪಾಯ ಇದೆ, ಮುಂದೆ ಹೇಳುತ್ತೇನೆ. ನಿಜವಾಗಿ ಕ್ಯಾಮೆರಾದ ಮಿತಿ ಕಂಡದ್ದು ನಾಲ್ಕನೇ ಗುಡ್ಡೆಯಲ್ಲಿ ಮಾತ್ರ.

ದೊಡ್ಡದರಲ್ಲಿ ದೊಡ್ಡದು ಯಾವುದು?

ಅಂಗಡಿಯಲ್ಲಿ ಎಲ್ಲರೂ ಮೆಗಾಪಿಕ್ಸೆಲ್ ಹೇಳುತ್ತಾರೆ. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. ಅದನ್ನು ಹೊಲದ ಪೈರಿನ ಸಂಖ್ಯೆ ಅಂತ ತಿಳಿಯಿರಿ. ಆದರೆ ಪೈರು ಎಷ್ಟಿದೆ ಅಂತ ಕೇಳಿದರೆ ಸಾಲದು, ಹೊಲ ಎಷ್ಟು ಗುಂಟೆ ಅಂತಲೂ ಕೇಳಬೇಕಲ್ಲ? ಕ್ಯಾಮೆರಾದ ಹೊಲ ಅಂದರೆ ಒಳಗಿರುವ ಸೆನ್ಸರ್, ಬೆಳಕು ಬೀಳುವ ಚೂರು. ನನ್ನ ಜೇಬಿನ ಕ್ಯಾಮೆರಾದಂಥವುಗಳಲ್ಲಿ ಅದು ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಹವ್ಯಾಸಿಗಳ ದೊಡ್ಡ ಕ್ಯಾಮೆರಾಗಳಲ್ಲಿ ಸುಮಾರು 23 ಅಗಲ, 15 ಎತ್ತರ. ಫುಲ್ ಫ್ರೇಮ್ ಅನ್ನುವುದರಲ್ಲಿ 36 ಮತ್ತು 24. ನನ್ನದು ಒಂದು ಗುಂಟೆ ಅಂತ ಇಟ್ಟುಕೊಂಡರೆ ಎರಡನೆಯದು ಹದಿಮೂರು ಗುಂಟೆ, ಮೂರನೆಯದು ಮೂವತ್ತು ಗುಂಟೆ.

ಮಳೆ ಚೆನ್ನಾಗಿ ಬಂದ ವರ್ಷ ಒಂದು ಗುಂಟೆಯಲ್ಲೂ ಒತ್ತಾಗಿ ಬೆಳೆದ ಪೈರು ನಿಲ್ಲುತ್ತದೆ. ಬರ ಬಂದಾಗ ಒತ್ತಿನ ಪೈರು ಒಣಗುತ್ತದೆ, ಅಗಲದ ಹೊಲದ್ದು ಉಳಿಯುತ್ತದೆ. ಇಲ್ಲಿ ಮಳೆ ಅಂದರೆ ಬೆಳಕು. ಬೆಳಕು ಧಾರಾಳ ಇದ್ದರೆ ಚಿಕ್ಕದಕ್ಕೂ ದೊಡ್ಡದಕ್ಕೂ ಅಂಥ ವ್ಯತ್ಯಾಸ ಕಾಣದು. ಬೆಳಕಿನ ಬರದಲ್ಲಿ ಕಾಣುತ್ತದೆ.

ಬಾಡಿಗೆಗೆ ತಂದು ನೋಡಿದೆ

ಇದನ್ನು ಪರೀಕ್ಷೆ ಮಾಡಲು ಪರಿಚಯದವರ ಮೂಲಕ ಒಂದು ದೊಡ್ಡ ಕ್ಯಾಮೆರಾ ಒಂದು ದಿನದ ಬಾಡಿಗೆಗೆ ಪಡೆದೆ. ಮೊದಲು ದೇವರಾಜ ಮಾರುಕಟ್ಟೆಯೊಳಗೆ ಹೋದೆ. ಮಾಡಿನ ಕೆಳಗೆ ನಸುಗತ್ತಲು. ವೀಳ್ಯದೆಲೆ, ಹೂವಿನ ರಾಶಿ, ನಂಜನಗೂಡು ರಸಬಾಳೆ. ನನ್ನ ಜೇಬಿನ ಕ್ಯಾಮೆರಾದಲ್ಲಿ ರಸಬಾಳೆ ಗೊನೆಯ ಮೇಲೆ ರವೆ ಚೆಲ್ಲಿದ ಹಾಗೆ ಬಂತು. ದೊಡ್ಡದರಲ್ಲಿ ಸಿಪ್ಪೆಯ ಮಚ್ಚೆಯೂ ಸ್ಪಷ್ಟ. ಇದನ್ನು ಒಪ್ಪಲೇಬೇಕು. ನನಗೆ ಅಲ್ಲೇ ಆಸೆ ಇನ್ನೊಂದು ಸಲ ಏರಿತು.

ಮಧ್ಯಾಹ್ನದ ಮೇಲೆ ಊರಿಗೆ ಬಂದು ಹೊಲದಲ್ಲಿ ನೋಡಿದೆ. ಸಂಜೆ ನಾಲ್ಕೂವರೆಯ ಬೆಳಕಲ್ಲಿ ರಾಗಿ ತೆನೆ ಎರಡರಲ್ಲೂ ತೆಗೆದು ಪುಸ್ತಕದ ಅಳತೆಗೆ ಪ್ರಿಂಟ್ ಹಾಕಿಸಿದೆ. ಯಾವುದು ಯಾವುದರದ್ದು ಅಂತ ನನ್ನ ಹೆಂಡತಿಗೂ ಗೊತ್ತಾಗಲಿಲ್ಲ, ನನಗೂ ಅನುಮಾನ ಬಂತು.

ಹುಳದ ವಿಷಯದಲ್ಲಿ ತಲೆಕೆಳಗೇ ಆಯಿತು. ಅದರ ಜೊತೆ ಬಂದ ಸಾಧಾರಣ ಲೆನ್ಸ್ ಒಂದು ಗೇಣಿಗಿಂತ ಹತ್ತಿರ ಹೋದರೆ ಫೋಕಸ್ಸೇ ಆಗದು. ಹುಳ ಚಿತ್ರದ ನಡುವೆ ಹುರುಳಿ ಕಾಳಿನಷ್ಟು ಕೂತಿತು. ಇನ್ನೂ ಒಂದು ವಿಷಯ: ಸೆನ್ಸರ್ ದೊಡ್ಡದಾದಷ್ಟೂ ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಭಾಗ ತೆಳುವಾಗುತ್ತದೆ. ಹುಳದ ತಲೆ ಸ್ಪಷ್ಟ ಇದ್ದರೆ ಬಾಲ ಮಬ್ಬು. ಮದುವೆಯಲ್ಲಿ ಹೆಣ್ಣು-ಗಂಡಿನ ಹಿಂದಿನ ಜನ ಮಬ್ಬಾಗುವುದು ಚೆಂದ. ರೈತನಿಗೆ ತಲೆಯ ಗೆರೆಯೂ ಬೇಕು, ಬಾಲದ ಚುಕ್ಕಿಯೂ ಬೇಕು.

ಪತ್ರಿಕೆಗೆ ಎಷ್ಟು ಬೇಕು?

ಇದನ್ನು ಬಾಯಿಲೆಕ್ಕದಲ್ಲಿ ಮಾಡಬಹುದು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಸಾಕು. ಎ-ನಾಲ್ಕು ಅಳತೆಯ ಇಡೀ ಪುಟ ತುಂಬಲು ಸುಮಾರು 87 ಲಕ್ಷ ಚುಕ್ಕಿ. 12 ಮೆಗಾಪಿಕ್ಸೆಲ್ ಮೊಬೈಲ್ ಕೊಡುವುದು 1 ಕೋಟಿ 20 ಲಕ್ಷ. ಹಾಗಾದರೆ ನಮ್ಮ ಚಿತ್ರ ಪತ್ರಿಕೆಯಲ್ಲಿ ಮಸುಕಾಗಿ ಬರುವುದು ಯಾಕೆ? ಬಹಳ ಸಲ ಕಾರಣ ವಾಟ್ಸಾಪ್. ಸುಮ್ಮನೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಐದಾರು ಇಂಚು ಅಗಲಕ್ಕೆ ಸಾಕಾಗುವಷ್ಟು ಮಾಡಿಬಿಡುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಖರ್ಚು ಸೊನ್ನೆ.

ಇನ್ನೊಂದು ಮಾತು. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ಫೋಟೋ ರೈತರೇ ತೆಗೆದು ಹಾಕುವ ಅವಕಾಶ ಬಂತು. ಅದನ್ನು ಹೊಲದಲ್ಲೇ ನಿಂತು ಮೊಬೈಲಿನ ಆ್ಯಪ್‌ನಲ್ಲೇ ತೆಗೆಯಬೇಕು. ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆ ಖರೀದಿಗೆಲ್ಲ ಉಪಯೋಗಕ್ಕೆ ಬರುವ ಆ ಫೋಟೋಕ್ಕೆ ದೊಡ್ಡ ಕ್ಯಾಮೆರಾ ಕೆಲಸಕ್ಕೇ ಬಾರದು.

ಹುಳದ ಫೋಟೋ: ನಾನು ಈಗ ಮಾಡುವ ಕ್ರಮ

1. ಹುಳವನ್ನು ಎಲೆ ಸಮೇತ ಕಿತ್ತು ಬಿಳಿ ಕಾಗದದ ಮೇಲೆ ಇಡುತ್ತೇನೆ. ಗಾಳಿಯ ತೊಂದರೆ ಅಲ್ಲಿಗೆ ಮುಗಿಯಿತು.

2. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ಹುಳದ ಅಳತೆ ನೋಡುವವರಿಗೆ ತಿಳಿಯುತ್ತದೆ.

3. ಮನೆಯ ಜಗಲಿಯ ನೆರಳು, ಆದರೆ ಆಕಾಶ ಕಾಣುವ ಕಡೆ. ನೇರ ಬಿಸಿಲು ಬೇಡ, ಫ್ಲ್ಯಾಶೂ ಬೇಡ.

4. ಮೊಬೈಲನ್ನು ಹುಳದ ಮೂತಿಗೆ ಹಿಡಿಯಬಾರದು. ಒಂದು ಗೇಣು ದೂರ ಹಿಡಿದು, ಪರದೆಯಲ್ಲಿ ಎರಡರಷ್ಟು ದೊಡ್ಡದು ಮಾಡಿ, ಹುಳದ ಮೇಲೆ ಬೆರಳು ಒತ್ತಿದರೆ ಫೋಕಸ್ ಆಗುತ್ತದೆ. ಮೊಣಕೈ ನೆಲಕ್ಕೆ ಊರಿ, ಉಸಿರು ಹಿಡಿದು ಒತ್ತಬೇಕು.

5. ಮೂರು ಚಿತ್ರ: ತಲೆ, ಬಾಲ, ಇಡೀ ಮೈ. ಜೊತೆಗೆ ಗಿಡಕ್ಕೆ ಆದ ಹಾನಿಯದೊಂದು, ಹೊಲದ್ದೊಂದು.

ಇನ್ನೂ ಹತ್ತಿರ ಬೇಕಾದರೆ ಮೊಬೈಲಿಗೆ ಕಚ್ಚಿಸುವ ಭೂತಗನ್ನಡಿಯಂಥ ಲೆನ್ಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾನು ಅದೊಂದು, ಒಂದು ಚಿಕ್ಕ ಮುಕ್ಕಾಲಿ ಸ್ಟ್ಯಾಂಡು ತಂದೆ. ಕಳೆದ ಮುಂಗಾರಿನಲ್ಲಿ ಜೋಳದ ಸುಳಿಯಲ್ಲಿ ಮತ್ತೆ ಹುಳ ಕಂಡಾಗ ಚಿತ್ರ ಕಳಿಸಿದ ಸಂಜೆಯೇ ಉತ್ತರ ಬಂತು. ಅದು ಸೈನಿಕ ಹುಳುವೇ. ಈ ಸಲ ಹುಳ ಚಿಕ್ಕದಿರುವಾಗಲೇ ಗೊತ್ತಾದ್ದರಿಂದ ಬೆಳೆ ಉಳಿಯಿತು.

ಹಾಗಾದರೆ ದೊಡ್ಡದು ಯಾರಿಗೆ ಬೇಕು?

ಯಾರಿಗೂ ಬೇಡ ಅನ್ನುವ ಮಾತಲ್ಲ ಇದು. ಹತ್ತಿರ ಬಿಟ್ಟುಕೊಳ್ಳದ ಪ್ರಾಣಿ-ಪಕ್ಷಿಗೆ ಉದ್ದ ಲೆನ್ಸ್ ಬೇಕೇ ಬೇಕು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದವರು. ನಮ್ಮ ಮೈಸೂರಿನ ಕೃಪಾಕರ-ಸೇನಾನಿ ಜೋಡಿಯ ಕಾಡುನಾಯಿಗಳ ಚಲನಚಿತ್ರಕ್ಕೆ 2010ರಲ್ಲಿ ಹಸಿರು ಆಸ್ಕರ್ ಅನ್ನುವ ಪ್ರಶಸ್ತಿ ಬಂತು. ಅಂಥ ಕೆಲಸ ಮೊಬೈಲಿನಲ್ಲಿ ಆಗದು. ಆದರೆ ಅವರು ಆ ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದವರು ಅನ್ನುವುದನ್ನೂ ಮರೆಯಬಾರದು. ಆ ಸಹನೆ ಅಂಗಡಿಯಲ್ಲಿ ಸಿಗುವುದಿಲ್ಲ.

ಫೋಟೋದಿಂದಲೇ ಸಂಪಾದನೆ ಇರುವವರಿಗೂ ಬೇಕು. ನಮ್ಮೂರ ಹುಡುಗನೊಬ್ಬ ಮದುವೆ ಫೋಟೋ ತೆಗೆಯುತ್ತಾನೆ. ಛತ್ರದ ಒಳಗಿನ ಕತ್ತಲಲ್ಲಿ ಅವನಿಗೆ ದೊಡ್ಡ ಸೆನ್ಸರ್ ಅನ್ನ ಕೊಡುತ್ತದೆ. ಅವನು ಸಾಲ ಮಾಡಿ ಕೊಂಡದ್ದು ಸರಿ.

ಕೊಳ್ಳುವವರಿಗೆ ಎರಡು ಎಚ್ಚರಿಕೆ. ಈಗ ಹೊಸ ಮಾದರಿಗಳು ಹೆಚ್ಚಾಗಿ ಕನ್ನಡಿ ಇಲ್ಲದ ಮಿರರ್‌ಲೆಸ್. ಅದರಿಂದ ಹಳೆಯ ಡಿಎಸ್ಎಲ್ಆರ್‌ಗಳು ಸೆಕೆಂಡ್‌ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತವೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯಾ ನೋಡಿಯೇ ಕೊಳ್ಳಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇನ್ನೊಂದು, ನಮ್ಮ ಬಯಲಿನ ದೂಳು ಗಾಳಿಯಲ್ಲಿ ಲೆನ್ಸ್ ಬಿಚ್ಚಿ ಬದಲಿಸಬೇಡಿ. ಸೆನ್ಸರಿನ ಮೇಲೆ ಕೂತ ದೂಳು ಪ್ರತಿ ಚಿತ್ರದಲ್ಲೂ ಚುಕ್ಕಿಯಾಗಿ ಬರುತ್ತದೆ.

ನನ್ನ ತೀರ್ಮಾನ

ನಾನು ಕೊಳ್ಳಲಿಲ್ಲ. ಆಸೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಈಚೆಗೆ ಮೈಸೂರಿನ ನಂಜರಾಜ ಬಹದ್ದೂರ್ ಛತ್ರದ ಗೆಡ್ಡೆ-ಗೆಣಸು ಮೇಳದಲ್ಲಿ ದೊಡ್ಡ ಕ್ಯಾಮೆರಾದವರು ಬಂದಾಗ ಕಣ್ಣು ಅತ್ತಲೇ ಹೋಯಿತು. ನಾನು ಒಂದೊಂದು ಗೆಡ್ಡೆಯನ್ನೂ ಕೇಳಿ, ಕಿಟಕಿಯ ಹತ್ತಿರ ತಂದು, ಮೊಬೈಲಿನಲ್ಲೇ ತೆಗೆದುಕೊಂಡೆ. ಹೆಸರು, ಊರು, ಬೇಯಿಸುವ ಬಗೆ ಚೀಟಿಯಲ್ಲಿ ಬರೆದುಕೊಂಡೆ.

ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕೆಟ್ಟ ಫೋಟೋ ಆರಿಸುವುದು. ಅಲುಗಾಡಿದ್ದು, ಸುಟ್ಟ ಬಿಸಿಲಿನದ್ದು ಹೆಚ್ಚಿದ್ದರೆ ಕಲಿಯಬೇಕಾದವನು ನಾನು. ನಾಲ್ಕನೇ ಗುಡ್ಡೆಯೇ ದೊಡ್ಡದಾದ ವರ್ಷ ರಾಗಿ ಮಾರಿ ಮೈಸೂರಿಗೆ ಹೋಗುತ್ತೇನೆ. ಅವತ್ತು ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರುತ್ತದೆ.

ನೀವೂ ನಿಮ್ಮ ಗುಡ್ಡೆ ಮಾಡಿ ನೋಡಿ. ಯಾವುದು ದೊಡ್ಡದಾಯಿತು ಅಂತ ಪತ್ರಿಕೆಗೆ ಬರೆಯಿರಿ.