ಗುಡ್ಡದ ಅಂಚಿನಲ್ಲಿ ಕಾಲು ನಡುಗಿದರೆ

ಕೂಸೇ,

ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಬೀಚಿನ ಕಡೆಗೆ ಹೋಗುವ ಗುಡ್ಡದ ದಾರಿಯಲ್ಲಿ ನೀನು ನಡುವೆಯೇ ಕೂತುಬಿಟ್ಟೆಯಂತೆ. ಜೊತೆಗಿದ್ದ ಆಫೀಸಿನವರು ಮುಂದೆ ಹೋಗಿ, ತಿರುಗಿ ನೋಡಿ ನಕ್ಕರಂತೆ. ನಿನ್ನ ಅಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳಿ, ‘ಬೆಂಗಳೂರು ಸೇರಿ ಪುಕ್ಕಲಿಯಾದಳು’ ಎಂದು ತೀರ್ಪನ್ನೂ ಕೊಟ್ಟಳು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರಲ್ಲೂ ಅಂಥ ಜಾಗದಲ್ಲಿ ಗುಡ್ಡದ ಕಡೆಗೆ ಮೈ ಒತ್ತಿಕೊಂಡು ನಡೆಯುವವರಿದ್ದಾರೆ. ಬಾಯಿ ಬಿಡುವುದಿಲ್ಲ, ಅಷ್ಟೆ.

ಜರ್ಮನಿಯಲ್ಲಿ ಸಾವಿರಾರು ಜನರನ್ನು ವಿಚಾರಿಸಿದಾಗ ಶೇ 28ರಷ್ಟು ಮಂದಿ ಎತ್ತರದಲ್ಲಿ ನಿಂತರೆ ಮೈ ಹಿಡಿತ ತಪ್ಪಿದಂತಾಗುತ್ತದೆ ಎಂದು ಒಪ್ಪಿಕೊಂಡಿದ್ದರು. ಆ ಲೆಕ್ಕದಲ್ಲಿ ನಿಮ್ಮ ಗುಂಪಿನಲ್ಲಿ ಇನ್ನೊಬ್ಬಿಬ್ಬರ ಅಂಗಾಲೂ ಜುಮ್ಮೆಂದಿರಬೇಕು. ನಕ್ಕವರಲ್ಲೇ ಇದ್ದರೂ ಇರಬಹುದು.

ಇದು ಎದೆಗಾರಿಕೆಯ ಪ್ರಶ್ನೆಯಲ್ಲ ಎನ್ನಲು ಕಾರಣವಿದೆ. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಕೊಡುವ ಸುದ್ದಿಯಿಂದ. ಸುಮ್ಮನೆ ನಿಂತಾಗಲೂ ಮೈ ಸಣ್ಣಗೆ ಓಲಾಡುತ್ತಲೇ ಇರುತ್ತದೆ. ಹತ್ತಿರದಲ್ಲಿ ಗೋಡೆಯೋ ಮರವೋ ಇದ್ದರೆ ಕಣ್ಣು ಆ ಓಲಾಟವನ್ನು ಕೂಡಲೇ ಹಿಡಿಯುತ್ತದೆ, ಮೈ ತಿದ್ದಿಕೊಳ್ಳುತ್ತದೆ. ಕಣ್ಣಿಗೆ ಸಿಗುವ ಮೊದಲ ವಸ್ತುವೇ ಮೂರು ಮೀಟರಿಗಿಂತ ಆಚೆ ಹೋಯಿತೆಂದರೆ ಓಲಾಟ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಣ್ಣು ‘ಅಲುಗಾಡಿಲ್ಲ’ ಎನ್ನುತ್ತದೆ, ಕಿವಿ ‘ಅಲುಗಾಡಿದೆ’ ಎನ್ನುತ್ತದೆ. ಈ ಜಗಳಕ್ಕೇ ತಲೆ ತಿರುಗುವುದು.

ಈಗ ನೀನು ಅಮ್ಮನ ಹತ್ತಿರ ಕೇಳಿದ ಪ್ರಶ್ನೆಗೆ ಬರುತ್ತೇನೆ. ಆಗುಂಬೆಯ ತಿರುವುಗಳಲ್ಲಿ ನಿಂತು ಕೆಳಗೆ ನೋಡಿದಾಗ ಏನೂ ಆಗದವಳಿಗೆ, ಅದರ ಕಾಲುಭಾಗವೂ ಎತ್ತರವಿಲ್ಲದ ಗೋಕರ್ಣದ ಗುಡ್ಡದಲ್ಲಿ ಯಾಕೆ ಹೀಗಾಯಿತು? ಘಟ್ಟದಲ್ಲಿ ರಸ್ತೆಯ ಬದಿಗೇ ಮರವಿದೆ, ಎದುರಿಗೆ ಇನ್ನೊಂದು ಗುಡ್ಡವಿದೆ. ಕಣ್ಣಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಕಡಲ ಗುಡ್ಡದಲ್ಲಿ ಒಂದು ಬದಿ ಪೂರ್ತಿ ಬಯಲು, ಅದರ ಕೆಳಗೆ ಇರುವುದು ಸದಾ ಚಲಿಸುವ ನೀರು. ಅಲೆ ಸರಿದದ್ದನ್ನು ಕಣ್ಣು ‘ನಾನೇ ಸರಿದೆ’ ಎಂದು ತಪ್ಪು ತಿಳಿಯುತ್ತದೆ. ಸಾಲದ್ದಕ್ಕೆ, ಕೆಳಗಿನಿಂದ ನೋಡಿದ್ದಕ್ಕಿಂತ ಮೇಲಿನಿಂದ ನೋಡಿದಾಗ ಎತ್ತರ ಹೆಚ್ಚಾಗಿ ಕಾಣುತ್ತದೆ, ಹೆದರಿದವರಿಗೆ ಇನ್ನಷ್ಟು ಹೆಚ್ಚಾಗಿ. ನಿನಗೆ ಕಂಡ ಪಾತಾಳದಲ್ಲಿ ಅರ್ಧ ಕಣ್ಣಿನ ಸೃಷ್ಟಿ.

ಹಾಗಾದರೆ ಅಲ್ಲಿ ನಿಂತಾಗ ಮಾಡುವುದೇನು? ‘ಕೆಳಗೆ ನೋಡಬೇಡ’ ಎಂದು ಎಲ್ಲರೂ ಹೇಳುತ್ತಾರೆ. ಅರೆಬರೆ ಸಲಹೆ ಅದು. ಕಾಲಿಡುವ ಜಾಗ ನೋಡದೆ ಚಿರೆಕಲ್ಲಿನ ಮೇಲೆ ಯಾರು ನಡೆದಾರು? ಆ ಕಲ್ಲು ತೂತುತೂತು, ಒರಟು. ಬರಿಯ ಕಲ್ಲು ಕಾಲನ್ನು ಚೆನ್ನಾಗಿಯೇ ಹಿಡಿಯುತ್ತದೆ. ಜಾರಿಸುವುದು ಅದರ ಮೇಲೆ ಉದುರಿಬಿದ್ದ ಕೆಂಪು ಹರಳು, ಬೂಟಿನ ಅಡಿಯಲ್ಲಿ ಗೋಲಿಯಂತೆ ಉರುಳುವಂಥದ್ದು. ಮತ್ತೆ ಚಳಿಗಾಲಕ್ಕೆ ಒಣಗಿ ಮಲಗಿದ ಕರಡ. ಆ ಹುಲ್ಲಿನ ಮೇಲೆ ಕಾಲಿಟ್ಟರೂ ಜಾರುತ್ತದೆ, ಬೀಳುವಾಗ ಹಿಡಿದುಕೊಂಡರೂ ಕಿತ್ತು ಬರುತ್ತದೆ. ಆದ್ದರಿಂದ ನಾಲ್ಕು ಹೆಜ್ಜೆ ಮುಂದಿನ ನೆಲ ನೋಡುತ್ತ ನಡಿ. ಕಡಲು ನೋಡಬೇಕೆನಿಸಿದರೆ ನಿಂತುಕೋ, ಬಂಡೆಗೋ ಮರಕ್ಕೋ ಬೆರಳು ತಾಗಿಸು, ಆಮೇಲೆ ನೋಡು. ಗಟ್ಟಿಯಾಗಿ ಹಿಡಿಯಬೇಕೆಂದಿಲ್ಲ, ಅಲುಗದ ವಸ್ತುವಿಗೆ ಬೆರಳ ತುದಿ ತಾಗಿದರೂ ಮೈಯ ಓಲಾಟ ಕಡಿಮೆಯಾಗುತ್ತದೆ. ಇದನ್ನು ಪ್ರಯೋಗ ಮಾಡಿ ಅಳೆದವರಿದ್ದಾರೆ. ನಿನ್ನ ಅಜ್ಜಿ ಕೋಲು ಊರುತ್ತಿದ್ದದ್ದೂ ಭಾರ ಹೊರಿಸಲಿಕ್ಕಲ್ಲ. ನೋಟವನ್ನು ಅಲೆಯ ಮೇಲೆ ನೆಡಬೇಡ, ದೂರದ ಬಾನಂಚಿನ ಗೆರೆಯ ಮೇಲಿಡು. ಅದು ಅಲುಗುವುದಿಲ್ಲ.

ಹೆದರಿದಾಗ ಮೈ ಸೆಟೆದುಕೊಳ್ಳುತ್ತದೆ, ಕುತ್ತಿಗೆ ತಿರುಗುವುದಿಲ್ಲ, ಹೆಜ್ಜೆ ಚಿಕ್ಕದಾಗುತ್ತದೆ. ಸೆಟೆದ ಮೈಗೆ ಸಮತೋಲ ಇನ್ನೂ ಕಷ್ಟ. ಉಸಿರೂ ಜೋರಾಗುತ್ತದೆ, ಹಾಗೆ ಜೋರಾಗಿ ಉಸಿರೆಳೆದು ಬಿಡುತ್ತಿದ್ದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಅದರಿಂದಲೇ ತಲೆ ಹಗುರಾಗುತ್ತದೆ, ತುಟಿ ಜುಮುಗುಡುತ್ತದೆ. ನೀನು ಅದನ್ನು ‘ಬೀಳುತ್ತೇನೆ’ ಎಂದು ಓದಿಕೊಳ್ಳುತ್ತೀಯೆ. ಅಂಥ ಹೊತ್ತಿನಲ್ಲಿ ಕೂತುಕೊಳ್ಳುವುದು ಸರಿಯಾದ ಕೆಲಸ. ನೀನು ಕೂತದ್ದರಲ್ಲಿ ತಪ್ಪಿಲ್ಲ. ಕೂತು, ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಟ್ಟು, ಎದೆಬಡಿತ ಇಳಿಯುವವರೆಗೆ ಕಾದು, ಅನಂತರ ಮುಂದೋ ಹಿಂದೋ ಎಂದು ನಿರ್ಧರಿಸಬೇಕಿತ್ತು. ಭಯ ತುತ್ತತುದಿಯಲ್ಲಿದ್ದಾಗಲೇ ಓಡಿಬಂದರೆ ‘ತಪ್ಪಿಸಿಕೊಂಡದ್ದಕ್ಕೇ ಬದುಕಿದೆ’ ಎಂಬ ಪಾಠ ಮನಸ್ಸಿಗೆ ಕೂರುತ್ತದೆ. ಮುಂದಿನ ಸಲ ಅದು ಇನ್ನೂ ಬೇಗ ಹೆದರಿಸುತ್ತದೆ. ಅದೇ ಜಾಗದಲ್ಲಿ ಕೂತು ಭಯ ತಾನಾಗಿ ಇಳಿಯುವುದನ್ನು ಒಮ್ಮೆ ಕಂಡರೆ, ಹಿಂದಕ್ಕೆ ಬಂದರೂ ನೀನು ಸೋತು ಬಂದಂತಾಗುವುದಿಲ್ಲ.

ಜರ್ಮನ್ ಕವಿ ಗಯಟೆಗೂ ಈ ಕಾಟವಿತ್ತು. 1770ರ ಸುಮಾರಿಗೆ ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಆ ಊರಿನ ದೊಡ್ಡ ಇಗರ್ಜಿಯ ಗೋಪುರದ ತುದಿಗೆ ಒಬ್ಬನೇ ಹತ್ತಿ, ಹಿಡಿಯಲು ಏನೂ ಇಲ್ಲದ ಪುಟ್ಟ ಜಾಗದಲ್ಲಿ ನಿಲ್ಲುತ್ತಿದ್ದನಂತೆ. ಭಯ ಸವೆಯುವವರೆಗೆ ಮತ್ತೆ ಮತ್ತೆ ಅದನ್ನೇ ಮಾಡಿದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಉಪಾಯ ಸರಿ, ಪ್ರಮಾಣ ಅತಿ. ಎಲ್ಲರೂ ಗಯಟೆಯಾಗಬೇಕಿಲ್ಲ, ಅವನಿಗೆ ಕಾಲಡಿಯಲ್ಲಿ ಉರುಳುವ ಹರಳೂ ಇರಲಿಲ್ಲ. 1958ರಲ್ಲಿ ಜೋಸೆಫ್ ವೋಲ್ಪಿ ಎಂಬ ವೈದ್ಯ ಇದೇ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಚಿಕಿತ್ಸೆಯಾಗಿ ಬರೆದಿಟ್ಟ: ಕಡಿಮೆ ಹೆದರಿಸುವುದು ಮೊದಲು, ಅದು ಸಪ್ಪೆಯೆನಿಸಿದ ಮೇಲೆ ಮುಂದಿನದು.

ನಮ್ಮ ಕರಾವಳಿಯಲ್ಲಿ ಇಂಥ ಮೆಟ್ಟಿಲುಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿರುವಷ್ಟು ದಿನ ನಿಮ್ಮ ಮನೆಯ ತಾರಸಿ ಸಾಕು. ಕೈಪಿಡಿ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಂತು ಚಹಾ ಕುಡಿ, ಬೇಸರ ಬರುವವರೆಗೆ. ಬೇಸರ ಬಂತೆಂದರೆ ಒಂದು ಹೆಜ್ಜೆ ಮುಂದೆ. ಊರ ಕಡೆಗೆ ಬಂದಾಗ ಬೈಂದೂರಿನ ಒತ್ತಿನೆಣೆಯಲ್ಲಿ ಇಳಿ. ಗುಡ್ಡದ ಮೇಲೆ ಅಗಲ ಜಾಗವಿದೆ, ಅಂಚಿಗೆ ಎಷ್ಟು ಹತ್ತಿರ ಹೋಗಬೇಕೆಂಬುದು ನಿನ್ನ ಕೈಯಲ್ಲೇ ಇರುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ; ಅದರ ಬುಡದ ಬಂಡೆಗೆ ಮೆಟ್ಟಿಲು ಕಡಿದಿದ್ದಾರೆ, ಸುತ್ತಲೂ ಕಡಲು. ಬಂಡೆಯ ಮೇಲೆ ಅರ್ಧ ಗಂಟೆ ಕೂತು ಬಂದರೂ ಅದೊಂದು ಪಾಠವೇ. ಮುರುಡೇಶ್ವರದ 237 ಅಡಿಯ ಗೋಪುರಕ್ಕೆ ಲಿಫ್ಟಿನಲ್ಲಿ ಹೋಗಿ ಕಿಂಡಿಯಿಂದ ನೋಡಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲಿ ನಾಲ್ಕೂ ಕಡೆ ಗೋಡೆಯಿದೆ. ಕಾಪುವಿನ ಬಂಡೆಯಾದ ಮೇಲೆ ಗೋಕರ್ಣದಿಂದ ಕುಡ್ಲೆ ಬೀಚಿಗೆ ಇಳಿಯುವ ದಾರಿ, ಕುಡ್ಲೆಯಿಂದ ಓಂ, ಕಡೆಗೆ ನೀನು ಕೂತ ಆ ತಿರುವು. ಬೆಳಿಗ್ಗೆಯೇ ನಡಿ. ಗುಡ್ಡ ಪೂರ್ವಕ್ಕಿರುವುದರಿಂದ ಕಡಲ ಕಡೆ ನೋಡುವಾಗ ಬಿಸಿಲು ಬೆನ್ನಿಗಿರುತ್ತದೆ. ಸಂಜೆಯಾದರೆ ಸೂರ್ಯನೂ ನೀರಿನ ಹೊಳಪೂ ಸೀದಾ ಕಣ್ಣಿಗೆ ಹೊಡೆಯುತ್ತವೆ.

ಫೋನು ಕಿಸೆಯಲ್ಲಿರಲಿ. ಪರದೆ ನೋಡುತ್ತ ಹಿಂದೆ ಸರಿಯುವವಳಿಗೆ ಕಣ್ಣಿನ ಆಸರೆಯೂ ಇಲ್ಲ, ಪಾದದ ಗಮನವೂ ಇಲ್ಲ.

ಇನ್ನೊಂದು ಮಾತು, ಇದನ್ನು ನಿನಗಿಂತ ಹೆಚ್ಚಾಗಿ ನಕ್ಕವರಿಗೆ ಓದಿ ಹೇಳು. ಹೆದರಿದವರ ಕೈ ಹಿಡಿದು ಎಳೆಯಬಾರದು, ಹಿಂದಿನಿಂದ ತಳ್ಳಬಾರದು, ‘ಏನಿಲ್ಲ ಬಾ ಬಾ’ ಎಂದು ಅವಸರಿಸಬಾರದು. ಕಡಲಿನ ಬದಿಗೆ ತಾವು ನಿಂತು ಗುಡ್ಡದ ಬದಿಯನ್ನು ಅವರಿಗೆ ಬಿಡಬೇಕು. ಅವರ ನಡಿಗೆಗೆ ತಮ್ಮ ನಡಿಗೆ ಕೂಡಿಸಬೇಕು. ಅದಾಗದಿದ್ದರೆ ಮರಳಿ ಬರಲು ಜೊತೆಯಾಗಬೇಕು. ಇಷ್ಟೂ ಮಾಡಲಾರದ ಗುಂಪಿನ ಜೊತೆ ಕಡಲ ಗುಡ್ಡಕ್ಕೆ ಹೋಗಬೇಡ, ಸಿನಿಮಾಕ್ಕೆ ಹೋಗು.

ಎಲ್ಲ ಭಯವನ್ನೂ ಗೆಲ್ಲಬೇಕೆಂದು ಮಾತ್ರ ಹೊರಡಬೇಡ. ಮಳೆಗಾಲದಲ್ಲಿ ಈ ಕಲ್ಲಿಗೆ ಪಾಚಿ ಕಟ್ಟುತ್ತದೆ, ಅಂಚಿನ ಮಣ್ಣು ಒಳಗೊಳಗೇ ಸಡಿಲವಾಗುತ್ತದೆ, ಕೆಳಗಿನ ಬಂಡೆಗೆ ಬಡಿಯುವ ಅಲೆ ಲೆಕ್ಕಕ್ಕೆ ಸಿಗುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಹೆದರದವನೇ ದಡ್ಡ. ಫೋಟೋಕ್ಕಾಗಿ ಒದ್ದೆ ಬಂಡೆಯ ತುದಿಗೆ ಇಳಿಯುವ ಹುಡುಗರಿಗೆ ನಿನ್ನ ಭಯದಲ್ಲಿ ಅರ್ಧ ಕೊಡಲು ಸಾಧ್ಯವಿದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಹಾಗೆಯೇ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ತಲೆ ಸುತ್ತಿದರೆ ಅದು ಎತ್ತರದ ಭಯವಲ್ಲ, ಕಿವಿಯ ತೊಂದರೆ ಇರಬಹುದು. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿಕೋ.

ಡಿಸೆಂಬರಿನಲ್ಲಿ ರಜೆ ಹಾಕಿ ಬಾ. ನಾವಿಬ್ಬರೇ ಹೋಗೋಣ. ಎಲ್ಲಿ ಬೇಕಾದರೂ ಕೂರಬಹುದು, ಎಲ್ಲಿಂದ ಬೇಕಾದರೂ ತಿರುಗಬಹುದು. ಹಾಫ್ ಮೂನ್‌ವರೆಗೆ ನಡೆದು ಸಾಕೆನಿಸಿದರೆ ವಾಪಸು ಬರಲು ಆ ಹೊತ್ತಿನಲ್ಲಿ ದೋಣಿಯೂ ಸಿಗುತ್ತದೆ. ಅಡಿ ಸವೆಯದ ಬೂಟು ತಾ. ಚಪ್ಪಲಿಯಲ್ಲಿ ಬಂದರೆ ಕುಡ್ಲೆಯಿಂದ ಆಚೆಗೆ ನಾನು ಕರೆದುಕೊಂಡು ಹೋಗುವುದಿಲ್ಲ.

ನಿನ್ನ ದೊಡ್ಡಮ್ಮ