ಗೆಳೆಯರ ಮಾತ್ರೆ ನನಗೂ ಬೇಕೇ?

ಪ್ರಶ್ನೆ: ನನಗೆ 64 ವರ್ಷ. ಬಿ.ಪಿ. ಇದೆ, ಮಾತ್ರೆಯಿಂದ ಹಿಡಿತದಲ್ಲಿದೆ. ಹೃದಯದ ತೊಂದರೆ ಯಾವತ್ತೂ ಬಂದಿಲ್ಲ. ಸ್ಟೆಂಟ್ ಹಾಕಿಸಿಕೊಂಡಿರುವ ನನ್ನ ವಾಕಿಂಗ್ ಗೆಳೆಯರು ದಿನಾ ಆಸ್ಪಿರಿನ್ 75 ತೆಗೆದುಕೊಳ್ಳುತ್ತಾರೆ. ‘ರಕ್ತ ತೆಳುವಾಗುತ್ತೆ, ನೀವೂ ಶುರು ಮಾಡಿ’ ಅನ್ನುತ್ತಾರೆ. ಮಂಡಿನೋವಿಗೆ ಆಗಾಗ ನೋವಿನ ಮಾತ್ರೆಯನ್ನೂ ನುಂಗುತ್ತೇನೆ. ಶುರು ಮಾಡಲೇ, ಡಾಕ್ಟ್ರೇ?

ಉತ್ತರ: ಬೇಡ, ದಯವಿಟ್ಟು ನೀವಾಗಿಯೇ ಶುರು ಮಾಡಬೇಡಿ.

ನಿಮ್ಮ ಗೆಳೆಯರ ವಿಷಯ ಬೇರೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ಆ ಮಾತ್ರೆ ತಡೆಯುತ್ತಿದೆ. ಅವರು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಒಮ್ಮೆ ಹೃದಯಾಘಾತ ಆದವರಿಗೂ ಸಾಮಾನ್ಯವಾಗಿ ಇದೇ ಮಾತು ಅನ್ವಯಿಸುತ್ತದೆ.

ಆಸ್ಪಿರಿನ್ ರಕ್ತವನ್ನು ನಿಜಕ್ಕೂ ತೆಳು ಮಾಡುವುದಿಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ಔಷಧ ತಾಗಿದ ಪ್ಲೇಟ್‌ಲೆಟ್ ತನ್ನ ಆಯುಸ್ಸು ಮುಗಿಯುವವರೆಗೂ, ಅಂದರೆ 8–10 ದಿನ, ಸರಿಹೋಗುವುದಿಲ್ಲ. ಜೊತೆಗೆ ಜಠರದ ಒಳಪದರದ ರಕ್ಷಣೆಯೂ ಕುಗ್ಗುತ್ತದೆ. ಹಾಗಾಗಿ ಹೊಟ್ಟೆಯಲ್ಲಿ ರಕ್ತಸ್ರಾವ, ಅಪರೂಪಕ್ಕೆ ಮೆದುಳಿನಲ್ಲೂ. ನಿಮ್ಮ ನೋವಿನ ಮಾತ್ರೆ ಸೇರಿದರೆ ಈ ಅಪಾಯ ಇನ್ನೂ ಹೆಚ್ಚು. ನನಗೆ ಹೆಚ್ಚು ಆತಂಕ ತಂದದ್ದು ಪತ್ರದ ಆ ಒಂದು ಸಾಲೇ.

2018ರಲ್ಲಿ ಪ್ರಕಟವಾದ ‘ಅಸೆಂಡ್’ ಅಧ್ಯಯನದಲ್ಲಿ 15,480 ಮಧುಮೇಹಿಗಳನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಆಸ್ಪಿರಿನ್ ತೆಗೆದುಕೊಂಡ ಪ್ರತಿ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೃದಯಾಘಾತದಂಥ ಆಪತ್ತು ತಪ್ಪಿತು; ಹೆಚ್ಚುಕಡಿಮೆ ಒಬ್ಬರಿಗೆ ಗಂಭೀರ ರಕ್ತಸ್ರಾವ ಹೆಚ್ಚಾಯಿತು. ಅದೇ ವರ್ಷದ ‘ಆಸ್ಪ್ರೀ’ ಅಧ್ಯಯನ ಬಹುತೇಕ 70 ದಾಟಿದ ಆರೋಗ್ಯವಂತರದ್ದು. ಅಲ್ಲಿ ಹೃದಯಕ್ಕೆ ಹೇಳಿಕೊಳ್ಳುವ ಲಾಭವೇ ಸಿಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. 60 ದಾಟಿದವರು ಹೃದಯಾಘಾತ ತಡೆಯಲೆಂದು ಹೊಸದಾಗಿ ಶುರು ಮಾಡಬಾರದು ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿತು. 40ರಿಂದ 59ರವರೆಗಿನವರಲ್ಲಿ ಹೃದಯದ ಅಪಾಯ ಹೆಚ್ಚಿದ್ದು, ರಕ್ತಸ್ರಾವದ ಭಯ ಕಡಿಮೆಯಿದ್ದರೆ ವೈದ್ಯರೊಡನೆ ಕೂತು ತೂಗಿ ನೋಡಬಹುದು.

ನಿಮ್ಮ ಹೃದಯವನ್ನು ಕಾಯುತ್ತಿರುವುದು ಆ ಬಿ.ಪಿ. ಮಾತ್ರೆ ಮತ್ತು ವಾಕಿಂಗ್. ಕೊಲೆಸ್ಟ್ರಾಲ್, ಸಕ್ಕರೆ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟು, ತಂಬಾಕು ಇದ್ದರೆ ಬಿಡಿ. ಮಂಡಿನೋವಿಗೆ ಬೇರೆ ದಾರಿಯನ್ನೂ ನಿಮ್ಮ ವೈದ್ಯರಲ್ಲಿ ಕೇಳಿ.

ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಓದುಗರು ಈ ಉತ್ತರ ನೋಡಿ ಥಟ್ಟನೆ ನಿಲ್ಲಿಸಬೇಡಿ. ಯಾಕೆ ಬರೆದುಕೊಟ್ಟರೆಂದು ವೈದ್ಯರನ್ನೇ ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಮೊದಲು 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ, ಹಿಂದೆ ರಕ್ತಸ್ರಾವ ಇದ್ದರೆ ಅದನ್ನೂ ತಿಳಿಸಿ, ಅವರು ಹೇಳಿದರೆ ಮಾತ್ರ ಮಾತ್ರೆ ಅಗಿದು ನುಂಗಿ.